ದೊಡ್ಡವ್ವನ ಹಂಚಿನ ಸೀಮಿ

ನಮ್ಮ ದೊಡ್ಡವ್ವಗ ಒಂದು ದೇಶ ಐತ್ರಿ. ನಗಬ್ಯಾಡ್ರಿ, ಖರೇನ ಐತಿ. ಅಕಿ ಹೆಸರಿಗಿ ಹೊಲ ಇಲ್ಲ, ಮನಿ ಇಲ್ಲ, ಒಂದು ಆಕಳ ಸೈತ ಇಲ್ಲ. ಆದ್ರ ದೇಶ ಐತಿ. ಅದಕ್ಕ ಒಬ್ಬ ರಾಜ ಅದಾನ, ಒಂದು ಹೊಳಿ ಐತಿ, ಹುಲಿ ಪಲ್ಟನ್ ಐತಿ, ಹೆದರಸಾಕ ಒಬ್ಬ ರಾಕ್ಷಸನೂ ಅದಾನ. ಹೆಸರು ಹಂಚಿನ ಸೀಮಿ. ಎಲ್ಲೈತಿ ಅಂತ ಕೇಳ್ತೀರಿ? ರೊಟ್ಟಿ ಮ್ಯಾಲೆ ಐತಿ.

ದೇಶ ಅಕಿದು, ತ್ರಾಸು ನಂದು. ಯಾಕಂದ್ರ ಆ ದೇಶದಾಗ ನನ್ನ ಲಗ್ನ ಹೋಗಿ ಸಿಕ್ಕೊಂಡೈತಿ. ಹ್ಯಾಂಗ ಅಂತ ಹೇಳ್ತೇನಿ, ಜರಾ ತಡೀರಿ. ಮೊದಲ ದೇಶ ತಿಳ್ಕೋರಿ, ಆಮ್ಯಾಲೆ ನನ್ನ ಗೋಳು.

ನಾವು ಸರಸಂಬಾದವ್ರು. ದೊಡ್ಡವ್ವ ಅಂದ್ರ ನಮ್ಮಪ್ಪನ ಅಣ್ಣನ ಹೇಂತಿ. ದೊಡ್ಡಪ್ಪನ್ನ ನಾ ನೋಡಿಲ್ಲ, ನಾ ಹುಟ್ಟೂಕಿಂತ ಮೊದಲ ಹೋದ. ಮಕ್ಕಳಿಲ್ಲ. ಅಕಿ ರೊಟ್ಟಿ ಬಡೀತಾಳ, ನಾ ಅವನ್ನ ನನ್ನ ಮೂರು ಗಾಲಿ ಟಂಟಂದಾಗ ಹಾಕ್ಕೊಂಡು ಆಳಂದಕ್ಕ ಒಯ್ತೇನಿ. ಅಲ್ಲಿ ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಚಾಚಾ ಹೋಟೆಲ್ ನಡಸ್ತಾನ, ಅವಂಗ ಕೊಡ್ತೇನಿ. ಉಳದ ಹೊತ್ತು ಯಾರರೆ ಬಾಡಗಿಗಿ ಕರದ್ರ ಹೋಗ್ತೇನಿ. ನಾ ಏಳನೇತ್ತಕ್ಕ ಸಾಲಿ ಬಿಟ್ಟಾಂವ. ನನಗ ಬಣ್ಣಾ ಹಚ್ಚಿ ಹೇಳಾಕ ಬರಂಗಿಲ್ಲ. ಇದ್ದದ್ದು ಇದ್ದಂಗ ಹೇಳ್ತೇನಿ, ಹಿಡಿಸಿದ್ರ ಓದ್ರಿ.

ಜ್ವಾಳದ ರೊಟ್ಟಿ ಮಾಡೋದು ನೋಡೀರಲ್ಲ. ಬಡದು ಹಂಚಿನ ಮ್ಯಾಲೆ ಹಾಕ್ತಾರ, ಒದ್ದಿ ಅರಿವಿಲೆ ನೀರು ಸವರ್ತಾರ, ತಿರಿವಿ ಹಾಕ್ತಾರ, ಕಡೀಕ ಒಲಿ ಬಾಯಾಗಿನ ಕೆಂಡಕ್ಕ ಆನಿಸಿ ನಿಂದ್ರಸ್ತಾರ. ರೊಟ್ಟಿ ಉಬ್ಬತೈತಿ. ಉಬ್ಬಿದಲ್ಲೆಲ್ಲಾ ಕರೀ ಕಲಿ ಬೀಳ್ತಾವ. ನಿಮಗೂ ನನಗೂ ಅವು ಸುಟ್ಟ ಕಲಿ. ನಮ್ಮ ದೊಡ್ಡವ್ವಗ ಅವು ನಕಾಶಿ.

"ಇಲ್ಲಿ ನೋಡಲೇ, ಕೋಟಿ ಬಂದೈತಿ," ಅಂತಾಳ.

"ಅದು ಸುಟ್ಟೈತಿ ದೊಡ್ಡವ್ವ."

"ಸುಟ್ಟದ್ದು ನಿನ್ನ ತಲಿ. ಇದು ಕೋಟಿ ಗೋಡಿ, ಇದು ಅಗಸಿ ಬಾಗಿಲು. ಅಗಸಿ ಮುಂದ ಯಾರೋ ನಿಂತಾನ ನೋಡು, ತಲಿಗಿ ರುಮಾಲು ಸುತ್ಯಾನ."

ನಾ ನೋಡ್ತೇನಿ. ರೊಟ್ಟಿ ಕಾಣ್ತೈತಿ.

ಹಿಂಗ ಚಲೋ ನಕಾಶಿ ಬಂದ ರೊಟ್ಟಿ ಅಕಿ ಮಾರಾಕ ಕೊಡಂಗಿಲ್ಲ. ತಗದು ಗೂಡಿನ್ಯಾಗ ಇಡ್ತಾಳ. ಹೋಗಾಕ ಬರಾಕ ನೋಡ್ತಾಳ. ನೋಡಿ ನೋಡಿ ಸಂಜಿಕ ಪುಂಡಿಪಲ್ಯ ಹಚ್ಚಿ ತಿಂತಾಳ.

"ಅಲ್ಲಬೇ ದೊಡ್ಡವ್ವ, ಮುಂಜಾನಿಂದ ಇದು ರಾಜಧಾನಿ ಅಂದಿ. ಈಗ ರಾಜಧಾನಿನ ಮುರದು ತಿನ್ನಾಕತ್ತಿ?"

"ತಿಂದ್ರ ನಾಳಿ ಹೊಸಾದು ಬರ್ತೈತಿ. ಇಟ್ರ ಬೂಷ್ಟು ಬರ್ತೈತಿ," ಅಂದಳು.

ಇದಕ್ಕ ಏನ್ ಹೇಳ್ತೀರಿ? ದೊಡ್ಡ ದೊಡ್ಡ ರಾಜರಿಗಿ ತಿಳೀಲಿಲ್ಲ ಇದು. ಎಲ್ಲಾರೂ ಕೋಟಿ ಕಟ್ಟಿ ಇಟ್ರು. ಈಗ ನೋಡ್ರಿ, ಒಳಗ ಆಡು ಮೇಯ್ತಾವ.

ದೇಶ ಅಕಿ ತಿಂತಾಳ, ಬೈಸ್ಕೊಳ್ಳಾಂವ ನಾ. ಹೋಟೆಲ್‌ಗಿ ಹೋಗಿ ಬುಟ್ಟಿ ಇಳಿಸಿದ್ರ ಚಾಚಾ ಎಣಸ್ತಾನ. ಎಣಿಸಿ ನನ್ನ ಮಾರಿ ನೋಡ್ತಾನ.

"ಕ್ಯಾ ರೇ, ಇವತ್ತೂ ಕಮ್ಮಿ?"

"ಚಾಚಾ, ಒಂದರಾಗ ಕೋಟಿ ಬಂತು. ಇನ್ನೊಂದರಾಗ ಹೊಳಿ ಬಂತು. ಇಟ್ಕೊಂಡಳು."

"ಕೋಟಿ ಬರ್ಲಿ, ದಿಲ್ಲಿನ ಬರ್ಲಿ, ನನಗೇನಲೇ? ಗಿರಾಕಿ ಕುಂತಾರ. ಅವ್ರ ತಾಟಿನ್ಯಾಗ ರೊಟ್ಟಿ ಬರ್ಬೇಕು."

ಅಂವ ಅಂದದ್ದೂ ಬರೋಬರಿ. ಹಸದ ಮನಷಾಗ ನಕಾಶಿ ತೊಗೊಂಡು ಏನಾಗಬೇಕೈತಿ?

ಈಗ ಆ ದೇಶದಾಗಿನ ಮಾಲು ಎಲ್ಲಿಂದ ಬಂತು ಅಂತ ಹೇಳ್ತೇನಿ. ನಾ ಗಾಡಿ ಹೊಡಿಯಾಂವ. ಉಳ್ಳಾಗಡ್ಡಿ ಆಗ್ಲಿ, ತೊಗರಿ ಆಗ್ಲಿ, ಯಾವ ಕಡೆ ತುಂಬಿದ್ದು ಅಂತ ಚೀಲ ನೋಡಿದ್ರ ಹೇಳ್ತೇನಿ. ದೊಡ್ಡವ್ವ ಮಾತಾಡಾಕತ್ತಿದ್ರ ಮಂದಿ ಬಾಯಿ ತಕ್ಕೊಂಡು ಕೇಳ್ತಾರ, ಎಷ್ಟು ಚಂದ ಹುಟ್ಟಸ್ತಾಳ ಅಂತಾರ. ಹುಟ್ಟಸೂದೂ ಇಲ್ಲ ಏನೂ ಇಲ್ಲ. ಎಲ್ಲಾ ಇಲ್ಲೇ ಸುತ್ತಮುತ್ತ ತುಂಬ್ಕೊಂಡದ್ದು. ನಾ ಒಂದೊಂದೂ ಹಿಡದೇನಿ.

ಮೊದಲ ರಾಜ. ರಾಜನ ಹೆಸರು ಕಳ್ಳರಾಯ. ಯಾರರೆ ರಾಜಗ ಇಂಥಾ ಹೆಸರು ಇಡ್ತಾರೇನ್ರಿ? ಅಂವ ಎಲ್ಲಿಂದ ಬಂದ ಗೊತ್ತೇನು? ನಮ್ಮ ಹೊಲದಿಂದ ಬಂದ. ಎಳ್ಳ ಅಮಾಸಿ ದಿನ ನಾವು ಹೊಲದಾಗ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜಿ ಮಾಡ್ತೇವಿ. ಅವ್ರ ಹಿಂದ ಇನ್ನೊಂದು ಸಣ್ಣ ಕಲ್ಲು ಇಡ್ತೇವಿ. ಅಂವ ಕಳ್ಳ. ಐದು ಮಂದಿಗಿ ಭಜ್ಜಿ, ಕಡಬು, ಸಜ್ಜಿ ರೊಟ್ಟಿ, ಎಲ್ಲಾ ನೈವೇದ್ಯ. ಕಳ್ಳಗ ಉಳದದ್ದು ಒಂದು ತುತ್ತು. ಹಿಂದಿನಿಂದ ನಡಕೋತ ಬಂದದ್ದು, ಯಾರೂ ಯಾಕ ಅಂತ ಕೇಳಂಗಿಲ್ಲ.

ದೊಡ್ಡವ್ವ ಕೇಳಿದ್ಳಂತ. ಆಗ ಅಕಿ ಹೊಸಾ ಸೊಸಿ.

"ಇಂವ ಏನು ಕದ್ದಾನ?"

ನಮ್ಮಪ್ಪ ಆಗಿನ್ನೂ ಮೀಸಿ ಬರದ ಹುಡುಗ. ಅಂವ ಅಂದ್ನಂತ, "ವೈನಿ, ಕಳ್ಳ ಅಂದ್ರ ಕಳ್ಳ. ಏನು ಕದ್ದ ಅಂತ ಪಂಚನಾಮಾ ಮಾಡ್ಸೂಣೇನು?"

"ಏನೂ ಕದೀಲಾರದವನ್ನ ಹಿಂದ ಕುಂಡ್ರಸೀರಿ ಹಂಗಾದ್ರ," ಅಂದಳಂತ ದೊಡ್ಡವ್ವ. "ಐದೂ ಮಂದಿ ಮುಂದ ನೋಡ್ಕೋತ ಕುಂತಾರ. ಹಿಂದಿನ ಹೊಲ ಯಾರು ಕಾಯಾಕತ್ತಾರ? ಇಂವನ ಕಾಯಾಕತ್ತಾನ."

ಆತು. ಅವತ್ತಿಂದ ಅಂವ ರಾಜ. ಹಂಚಿನ ಸೀಮಿಯಾಗ ರಾಜ ಯಾವತ್ತೂ ಹಿಂದ ಕುಂಡ್ರತಾನ. ಲಗ್ನದಾಗ ಊಟದ ಪಂಗ್ತಿ ಕುಂತ್ರ ಕಡೀ ಎಲಿ ಅವಂದು. ಅವನ ತನಕ ಬರೂದರಾಗ ಹುಗ್ಗಿ ಬೋಗಾಣಿ ತಳ ಕಾಣ್ತೈತಿ. ಅದಕ ಆ ದೇಶದಾಗ ಯಾರೂ ಅಡಿಗಿ ಕಮ್ಮಿ ಮಾಡಂಗಿಲ್ಲ, ರಾಜ ಉಪಾಸ ಬೀಳ್ತಾನ ಅಂತ ಅಂಜಿ. ನಮ್ಮ ಕಡೆ ನೋಡ್ರಿ. ಬೋರ್‌ವೆಲ್ ಪೂಜಿ ಫೋಟೋಕ್ಕ ಸೈತ ಮೊಣಕೈಲೆ ನೂಕಿ ಮುಂದ ಬರ್ತಾರ.

ಎರಡನೇದು ಹೊಳಿ. ದೊಡ್ಡವ್ವನ ತವರು ಸೊನ್ನದ ಕಡೆ, ಭೀಮಾ ದಂಡಿಗಿ. ನಮ್ಮ ಊರಾಗ ನೀರು ಅಂದ್ರ ನಳದಾಗ ಬಂದಷ್ಟು. ಹಿಂಗಾಗಿ ಹೊಳಿ ಹುಚ್ಚು ಅಕಿಗಿ ಹೋಗೇ ಇಲ್ಲ. ಒಂದ್ಸಲ ನಾ ಅಫಜಲಪುರಕ್ಕ ಬಾಡಗಿ ಹೊಂಟಿದ್ದೆ, "ನಾನೂ ಬರ್ತೇನಿ" ಅಂತ ಹತ್ತಿ ಕುಂತಳು. ಸೊನ್ನದ ಬ್ಯಾರೇಜ್ ತೋರಸ್ಕೊಂಡು ಬಂದ್ರಾತು ಅಂತ ಒಯ್ದೆ. ಅಕಿ ಹೊಳಿ ಬಿಟ್ಟು ಬಂದು ಭಾಳ ವರ್ಷ ಆಗಿತ್ತು. ಬ್ಯಾರೇಜ್ ನೋಡಿರಲೇ ಇಲ್ಲ.

"ಹೊಳಿ ಯಾಕ ನಿಂತೈತಲೇ?"

"ಗೇಟ್ ಹಾಕ್ಯಾರ."

"ಹೊಳಿಗಿ ಗೇಟ್?"

"ಹೂಂ. ನೀರು ಹಿಂದ ಸರದು ನಿಂದ್ರತೈತಿ. ಬ್ಯಾಕ್ ವಾಟರ್ ಅಂತಾರ."

ಅಕಿ ಭಾಳ ಹೊತ್ತು ನೋಡಿದ್ಳು. ನನಗ ಬಾಡಗಿ ಚಿಂತಿ. ಕಡೀಕ ಅಂದಳು, "ಹಿಂದ ಸರದಿಲ್ಲ. ತವರಿಗಿ ಹೊಂಟೈತಿ."

ಮರುದಿನ ರೊಟ್ಟಿ ಮ್ಯಾಲೆ ಹೊಳಿ ಬಂತು. ಹಂಚಿನ ಸೀಮಿ ಹೊಳಿ ವರ್ಷ ಪೂರಾ ಕೆಳಗ ಹರೀತೈತಿ, ಪಂಚಮಿ ಬಂದ್ರ ತಿರಿಗಿ ಮ್ಯಾಲೆ ಹತ್ತತೈತಿ. ತವರಿಗಿ ಹೋಗಿ, ಜೋಕಾಲಿ ಆಡಿ, ಉಂಡಿ ತಿಂದು ಬರ್ತೈತಿ. ಅಲ್ಲಿತನಕ ಹೊಳಿ ಒಣಗಿರ್ತೈತಿ, ಮಂದಿ ಅದರಾಗ ನಡಕೋತ ಹೋಗ್ತಾರ.

ನಾ ಸುಮ್ನಿರಾವಲ್ಲ. "ಪಂಚಮಿಗಿ ಕರಿಯಾಕ ಅಣ್ಣನೋ ತಮ್ಮನೋ ಬರ್ಬೇಕಲ್ಲ ದೊಡ್ಡವ್ವ. ಹೊಳಿನ್ನ ಕರಿಯಾಕ ಯಾರು ಬರ್ತಾರ?"

"ಮಳಿ ಬರ್ತೈತಿ," ಅಂದಳು. "ಮಳಿ ಅದರ ತಮ್ಮ."

ದೊಡ್ಡವ್ವನ್ನ ಕರಿಯಾಕ ಬರಾವ್ರು ಯಾರೂ ಉಳದಿಲ್ಲ. ಅದು ಬ್ಯಾರೆ ಮಾತು ಬಿಡ್ರಿ.

ಶ್ರಾವಣದಾಗ ಮಠದಾಗ ಪುರಾಣ ಹಚ್ಚಿದ್ರು. ಭೀಮಾ ನದಿ ಅಂದ್ರ ಶಿವನ ಬೆವರು, ರಾಕ್ಷಸನ ಕೂಡ ಹೊಡದಾಡಿ ದಣದಾಗ ಸುರದದ್ದು ಅಂತ ಸ್ವಾಮಿಗೋಳು ಹೇಳಿದ್ರು. ಎಲ್ಲಾರೂ ಕೈ ಮುಗದ್ರು. ದೊಡ್ಡವ್ವನೂ ಕೈ ಮುಗದಳು. ಮನಿಗಿ ಬರೂ ಮುಂದ ಟಂಟಂದಾಗ ನನ್ನ ಕಿವಿಯಾಗ ಅಂದಳು, "ಬೆವರು ಉಪ್ಪಿರ್ತೈತಲೇ. ಹೊಳಿ ನೀರು ಸಿಹಿ ಐತಿ. ಹ್ಯಾಂಗ ಕೂಡ್ತೈತಿ?"

"ಮತ್ತೇನು ಅದು?"

"ಭೀಮಸೇನ ಉಂಡು ಕೈ ತೊಳದದ್ದು. ಅವನ ಊಟ ದೊಡ್ಡದಿತ್ತು, ಕೈ ತೊಳದ ನೀರೂ ದೊಡ್ಡದಾತು."

ನಾ ಗಾಡಿ ಬಂದ್ ಮಾಡಿ ನಕ್ಕೆ. ನಕ್ಕದ್ದು ಖರೇ. ಆದ್ರ ಲೆಕ್ಕ ಬರೋಬರಿ ಕೂಡ್ತಿತ್ತು.

ಇನ್ನ ಪಲ್ಟನ್. ಮೊಹರಂದಾಗ ಹರಕಿ ಹೊತ್ತಾವ್ರು ಮೈಗಿ ಹಳದಿ ಬಣ್ಣಾ, ಕರೀ ಪಟ್ಟಿ ಬಳ್ಕೊಂಡು ಹುಲಿ ಆಗಿ ಕುಣೀತಾರಲ್ಲ. ನಮ್ಮ ಊರಾಗ ಯಾ ಜಾತಿ ಅಂತಿಲ್ಲ, ಹರಕಿ ಇದ್ದಾಂವ ಹುಲಿ. ಹಂಚಿನ ಸೀಮಿ ಪಲ್ಟನ್ ಪೂರಾ ಇಂಥಾ ಹುಲಿಗೋಳು. ವೈರಿ ಕಡೆ ಪಲ್ಟನ್ನೂ ಇಂಥವ. ಮತ್ತ ಲಡಾಯಿ ಆದ್ರ ಗೆಲ್ಲಾವ್ರು ಯಾರು ಅಂತ ಕೇಳಿದೆ.

"ಲಡಾಯಿ ಚಾಲೂ ಆಗ್ತೈತಿ. ಹಲಗಿ ಬಡೀತಾರ, ಹೂಂಕಾರ ಹಾಕ್ತಾರ. ಅಷ್ಟರಾಗ ಮಳಿ ಬರ್ತೈತಿ. ಬಣ್ಣಾ ಹರದು ಹೋಗ್ತೈತಿ. 'ಏ, ನೀ ನಮ್ಮ ಅಳಿಯ ಅಲ್ಲೇನೋ' ಅಂತಾನ ಒಬ್ಬ. 'ಮಾವ, ನೀ ಇಲ್ಲಿ?' ಅಂತಾನ ಇನ್ನೊಬ್ಬ. ಎಲ್ಲಾರೂ ಚಾ ಕುಡದು ಮನಿಗಿ ಹೋಗ್ತಾರ."

ಇದನ್ನ ಹೋಟೆಲ್ ಚಾಚಾಗ ಹೇಳಿದೆ, ಸುಮ್ನ ನಗ್ಲಿ ಅಂತ. ಅಂವ ನಗಲಿಲ್ಲ. ಗಲ್ಲಾ ಬಿಟ್ಟು ಎದ್ದು ಬಂದ. ಹರೇದಾಗ ಅಂವ ಮೊಹರಂ ಹುಲಿ ಆಗಿದ್ನಂತ. ಆಳಂದದಾಗ ಅವನಂಥಾ ಹುಲಿ ಇರ್ಲಿಲ್ಲಂತ. ಈಗ ಹೊಟ್ಟಿ ನೋಡಿದ್ರ ಹುಲಿ ನುಂಗಿದಾಂವ ಅನಸ್ತೈತಿ, ಇರ್ಲಿ.

"ನಿಮ್ಮ ದೊಡ್ಡವ್ವನ ಪಲ್ಟನ್‌ದಾಗ ನನಗ ಜಾಗಾ ಐತೇನು ಕೇಳಲೇ."

ಕೇಳಿದೆ. ದೊಡ್ಡವ್ವ ರೊಟ್ಟಿ ತಿರಿವಿ ಹಾಕ್ಕೋತ ಅಂದಳು, "ಬೈಯಾಕ ಚಲೋ ಬರ್ತೈತಿ ಅವಂಗ. ಸೇನಾಪತಿ ಮಾಡು."

ಚಾಚಾಗ ಹೇಳಿದೆ. ಅವತ್ತು ಬಿರ್ಯಾನಿ ಪುಕ್ಕಟ ಹಾಕ್ಸಿದ. ಅಲ್ಲಿಂದ ಮುಂದ ರೊಟ್ಟಿ ಕಮ್ಮಿ ಬಂದ್ರ ಎಣಿಸಿ ಸುಮ್ನಾಗ್ತಾನ. "ಹೋಗ್ಲಿ ಬಿಡು. ರಾಜ್ಯದ ಕೆಲಸ," ಅಂತಾನ.

ಉಳದಾಂವ ರಾಕ್ಷಸ. ಅಂವ ಭಾರತದಾಗಿನ ಬಕಾಸುರ. ಪುರಾಣದಾಗ ಕೇಳೀರಿ: ಊರಾವ್ರು ಪಾಳಿ ಹಚ್ಚಿ ಗಾಡಿ ತುಂಬ ಅಡಿಗಿ ಕಳಸ್ಬೇಕು, ಅಂವ ಅಡಿಗಿನೂ ತಿಂತಾನ, ಎತ್ತೂ ತಿಂತಾನ, ಗಾಡಿ ಹೊಡಕೊಂಡು ಬಂದಾವನ್ನೂ ತಿಂತಾನ. ಗಾಡಿ ಹೊಡಿಯಾವನ್ನ ತಿಂತಾನ ಅಂದಾಗಿಂದ ನನಗ ಅವನ ಮ್ಯಾಲೆ ಸಿಟ್ಟು ಐತಿ.

"ನಿನ್ನ ದೇಶದಾಗೂ ಗಾಡ್ಯಾವನ್ನ ತಿಂತಾನೇನು?" ಅಂದೆ.

"ಮೊದಲ ತಿಂತಿದ್ದ. ಈಗ ಮುದುಕ ಆಗ್ಯಾನ. ಹಲ್ಲಿಲ್ಲ. ಮ್ಯಾಲೆ ಶುಗರ್ ಬಂದೈತಿ. ಅನ್ನ ಮುಟ್ಟಬ್ಯಾಡ, ಜ್ವಾಳದ ರೊಟ್ಟಿ ತಿನ್ನು ಅಂತ ಡಾಕ್ಟರ್ ಹೇಳ್ಯಾನ."

"ಮತ್ತ ಗಾಡ್ಯಾಂವ?"

"ಕುಂತು ಎರಡು ಮಾತಾಡಿ ಹೋದ್ರ ಸಾಕು. ಗುಡ್ಡದ ಮ್ಯಾಲೆ ಒಬ್ಬಾಂವನ ಇರ್ತಾನ. ಅವನ ಕೂಡ ಮಾತಾಡಾವ್ರು ಯಾರದಾರ?"

ಅಂದು, ರೊಟ್ಟಿ ಬುಟ್ಟಿ ಎತ್ತಿ ನನ್ನ ಕೈಯಾಗ ಕೊಟ್ಳು. ಗಾಡ್ಯಾಂವ ಯಾರು ಅಂತ ನಾ ಕೇಳ್ಲಿಲ್ಲ.

ಹಿಂಗೈತಿ ನೋಡ್ರಿ ದೇಶ. ಹೊಲದ ಕಲ್ಲು, ಸೊನ್ನದ ಗೇಟು, ಮೊಹರಂ ಬಣ್ಣಾ, ಮಠದ ಪುರಾಣ. ಒಂದೊಂದು ಕಡೆ ಒಂದೊಂದು ಚೀಲ ತುಂಬ್ಯಾಳ. ಕೇಳಾಕ ಚಲೋ ಐತಿ. ಆದ್ರ ಮನಿಗಿ ಬೀಗರು ಆಗಾವ್ರು ಬಂದು ಕುಂತಾಗ ಇದನ್ನ ಕೇಳಿದ್ರ ಏನಂತಾರ? ಅಲ್ಲೇ ಬಂತು ನನ್ನ ಗೋಳು.

ಈಗ ನಮ್ಮಂಥಾವ್ರಿಗಿ ಹೆಣ್ಣು ಸಿಗೂದು ಭಾಳ ತ್ರಾಸು. ಗೊತ್ತೈತಲ್ಲ ನಿಮಗ. ನೌಕರಿ ಐತೇನು ಅಂತ ಮೊದಲ ಕೇಳ್ತಾರ. ಆಫೀಸಿನ್ಯಾಗ ಕದ ತಗಿಯಾಂವ ಆದ್ರೂ ನಡೀತೈತಿ, ಟಂಟಂ ಹೊಡಿಯಾಂವ ಬ್ಯಾಡ. ಹಂಗೂ ಹಿಂಗೂ ಮಾದನಹಿಪ್ಪರಗಾದಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಅಪ್ಪ ಮನಿ ನೋಡಾಕ ಬಂದ. ನಮ್ಮ ಕಡೆ ರಿವಾಜು ಹಂಗೈತಿ: ಹುಡುಗ ಹುಡುಗಿನ್ನ ನೋಡ್ತಾನ, ಹುಡುಗಿ ಕಡ್ಯಾವ್ರು ಮನಿ ನೋಡ್ತಾರ. ಊಟಕ್ಕ ಕುಂತ. ದೊಡ್ಡವ್ವ ರೊಟ್ಟಿ ಬಡಸಾಕ ಬಂದಾಕಿ ಅವನ ತಾಟಿನ್ಯಾಗ ಬಗ್ಗಿ ನೋಡಿದ್ಳು.

"ಅಣ್ಣಾರ, ನಿಮ್ಮ ರೊಟ್ಟ್ಯಾಗ ರಾಕ್ಷಸನ ಗುಡ್ಡ ಬಂದೈತಿ. ಜ್ವಾಕಿಲೆ ತಿನ್ರಿ."

ಅಂವ ತುತ್ತು ಕೆಳಗಿಟ್ಟ. ಮುಂದ ಒಬ್ಬರ ಕೈಲೆ ಹೇಳಿ ಕಳಿಸಿದ: ಮನಿ ಚಲೋ ಐತಿ, ಹುಡುಗನೂ ಚಲೋ ಅದಾನ, ಆದ್ರ ಮನಿತನದಾಗ ತಲಿ ಕೆಟ್ಟಾವ್ರು ಅದಾರ, ನಾಳಿ ಮಕ್ಕಳಿಗಿ ಬಂದ್ರ ಹ್ಯಾಂಗ?

ದೊಡ್ಡವ್ವಗ ನಾವು ಹೇಳ್ಲಿಲ್ಲ. ಆದ್ರ ಊರಾಗ ಗೋಡಿಗಿ ಕಿವಿ, ಕಿವಿಗಿ ಬಾಯಿ. ಅಕಿಗಿ ಗೊತ್ತಾತು.

ಆಮ್ಯಾಲೆ ಬಂದದ್ದು ಜೇವರ್ಗಿ ಹುಡುಗಿ. ನಾ ನೋಡಾಕ ಹೋಗಿದ್ದೆ. ಬ್ಲೌಜ್ ಹೊಲೀತಾಳ, ಓಣ್ಯಾನವ್ರದ್ದೆಲ್ಲಾ ಅಕಿನ ಹೊಲೀತಾಳ. ಏನರೆ ಕೇಳೂದೈತೇನವಾ ಅಂತ ಹಿರ್ಯಾರು ಅಂದ್ರು. ನನ್ನ ಕಡೆ ನೋಡಿ ಕೇಳಿದ್ಳು, "ಗಾಡಿ ಜೋರು ಹೊಡೀತೀರೇನ್ರಿ?"

"ಇಲ್ರಿ."

"ಸುಳ್ಳು. ಓಣ್ಯಾಗ ಬರೂ ಮುಂದ ನಾ ಕಿಡಕಿಯಾಗ ನೋಡೇನಿ. ನಮ್ಮ ಕೋಳಿ ಹಾರಿ ಮಾಳಿಗಿ ಹತ್ತಿತು."

ನನ್ನ ಗಾಡಿ ಅಲ್ಲೇ ಬಂದ್ ಬಿತ್ತು. ಬ್ಯಾರೆ ಹುಡುಗಿ ನನಗ ಬ್ಯಾಡ ಅಂತ ಅವ್ವಗ ಹೇಳಿಬಿಟ್ಟೆ. ಇದು ಆದ್ರ ಆತು, ಇಲ್ಲಂದ್ರ ಇಲ್ಲ.

ಈಗ ಅವ್ರು ಮನಿ ನೋಡಾಕ ಬರಾವ್ರು. ಹುಡುಗಿ ಅವ್ವ, ಜೋಡಿ ಹುಡುಗಿ ಸೋದರಮಾವ. ಅಪ್ಪ ಇಲ್ಲದ ಹುಡುಗಿ, ಸೋದರಮಾವ ಹೂಂ ಅಂದ್ರನ ಎಲ್ಲಾ. ನಮ್ಮವ್ವ ಮೂರು ಹೊತ್ತೂ ದೊಡ್ಡವ್ವನ ಬೆನ್ನ ಹಿಂದ.

"ಅಕ್ಕಾ, ನಿಮ್ಮ ಕಾಲಿಗಿ ಬೀಳ್ತೇನಿ. ಅದೊಂದು ದಿನ ಬಾಯಿ ಮುಚ್ಕೊಂಡಿರ್ರಿ. ರಾಜನೂ ಬ್ಯಾಡ, ಹುಲಿನೂ ಬ್ಯಾಡ."

"ನಾ ತುಟಿ ಬಿಚ್ಚಂಗಿಲ್ಲ ತಂಗಿ. ನನ್ನ ಆಣಿ."

"ಹಿಂದಿನ ಸಲನೂ ಹಂಗ ಅಂದಿದ್ರಿ."

"ಹಿಂದಿನ ಸಲ ಗುಡ್ಡ ಭಾಳ ಚಲೋ ಬಂದಿತ್ತು ಯವ್ವಾ," ಅಂದಳು ದೊಡ್ಡವ್ವ, ತಲಿ ತಗ್ಗಿಸಿ.

ಅವ್ರು ಬಂದ್ರು. ಸೋದರಮಾವ ಬಿರಸಾದ ಮನಷಾ. ಕುಂಡ್ರೂದಕ್ಕ ಮೊದಲ ನಳ ತಿರಿವಿ ನೋಡಿದ. ತಲಿ ಮ್ಯಾಲಿನ ತಗಡಿನ ಪತರಾಸ್ ನೋಡಿ, "ಮಳಿಗಾಲದಾಗ ಸೋರ್ತೈತೇನು?" ಅಂದ. ಟಂಟಂ ಸುತ್ತ ಒಂದು ಸುತ್ತು ಹಾಕಿ ಟೈರಿಗಿ ಕಾಲಿಲೆ ಒದ್ದ. ಎತ್ತು ಕೊಳ್ಳಾಕ ಬಂದಾವ್ರೂ ಹಿಂಗ ನೋಡಂಗಿಲ್ಲ. ನನ್ನ ಹಲ್ಲು ಎಣಸ್ತಾನ ಅಂತ ನಾ ಬಾಯಿ ಮುಚ್ಕೊಂಡು ನಿಂತೆ.

ಊಟಕ್ಕ ಕುಂತ್ರು. ಎಣ್ಣಿಗಾಯಿ, ಶೇಂಗಾ ಹಿಂಡಿ, ಮಸರು. ಅವ್ವ ಒಳಗಿಂದ ರೊಟ್ಟಿ ತಂದು ಹಾಕಿದ್ಳು. ನೋಡಿದೆ, ರೊಟ್ಟಿ ಬೆಳ್ಳಗ. ಒಂದು ಕಲಿ ಇಲ್ಲ, ಒಂದು ಚಿಕ್ಕಿ ಇಲ್ಲ. ಸುಣ್ಣದ ನೀರಾಗ ಅದ್ದಿ ತಗದಂಗ. ಸೋದರಮಾವ ಮುರಿಯಾಕ ಹೋದ. ಮುರೀಲಿಲ್ಲ, ಜಗ್ಗಿತು. ಬಾಯಾಗ ಹಾಕ್ಕೊಂಡ. ಅಗದ. ಅಗದೇ ಅಗದ.

"ರೊಟ್ಟಿ ಜರಾ ಹಸಿ ಅದಾವಲ್ರಿ," ಅಂದ.

ನಮ್ಮಪ್ಪನ ಮಾರಿ ಇಳೀತು. ಆಳಂದ ಬಸ್ ಸ್ಟ್ಯಾಂಡಿನ್ಯಾಗ ಮಂದಿ ಬಸ್ ಬಿಟ್ಟು ಕುಂತು ತಿನ್ನೋ ರೊಟ್ಟಿ ನಮ್ಮವು. ಬೀಗರ ತಾಟಿನ್ಯಾಗ ಹಸಿ ಹಿಟ್ಟು.

ನಾ ಎದ್ದು ಒಳಗ ಹೋದೆ. ದೊಡ್ಡವ್ವ ಒಲಿ ಮುಂದ ಕುಂತಾಳ. ರೊಟ್ಟಿ ಹಂಚಿನ ಮ್ಯಾಲೆ ಹಾಕ್ತಾಳ, ಬಗ್ಗಿ ನೋಡ್ತಾಳ, ಇನ್ನೇನು ಕಲಿ ಮೂಡಬೇಕು, ಝಟ್ ಅಂತ ತಗದುಬಿಡ್ತಾಳ. ಕೆಂಡಕ್ಕ ಆನಿಸವಲ್ಲಳು. ಬಾಜೂಕ ಬುಟ್ಟಿ ಬೋರಲು ಹಾಕ್ಯಾಳ. ಎತ್ತಿ ನೋಡಿದೆ. ಬುಡಕ್ಕ ಚಲೋ ಸುಟ್ಟ ರೊಟ್ಟಿ ಮುಚ್ಚಿಟ್ಟಾಳ, ಒಂದೊಂದ್ರ ಮ್ಯಾಲೂ ಕರೀ ಕಲಿ.

"ದೊಡ್ಡವ್ವ, ಹಸಿ ಅದಾವ."

"ಗೊತ್ತೈತಿ."

"ಮತ್ತ?"

"ಸುಟ್ರ ಏನರೆ ಮೂಡ್ತೈತಲೇ. ಮೂಡಿದ್ರ ನನ್ನ ಕಣ್ಣಿಗಿ ಬೀಳ್ತೈತಿ. ಕಣ್ಣಿಗಿ ಬಿದ್ರ ಬಾಯಿಗಿ ಬರ್ತೈತಿ. ಅದಕ ಮೂಡಾಕ ಬಿಡವಲ್ಲೆ." ದನಿ ಸಣ್ಣ ಮಾಡಿ ಅಂದಳು, "ಈ ಹುಡುಗಿ ನಿನಗ ಮನಸಿಗಿ ಬಂದೈತಿ ಅಂದಳು ನಿಮ್ಮವ್ವ."

ನನಗ ನಗು ಬರ್ಬೇಕಾಗಿತ್ತು. ಬರ್ಲಿಲ್ಲ.

"ಹೊಟ್ಟಿ ನೋವು ಹಚ್ಚಿ ಕಳಸ್ತೀಯೇನು ಅವ್ರಿಗಿ? ಚಂದಂಗಿ ಸುಡು," ಅಂದೆ.

ಅಕಿ ಒಂದು ರೊಟ್ಟಿ ಕೆಂಡಕ್ಕ ನಿಂದ್ರಿಸಿದ್ಳು. ಮಾರಿ ಆ ಕಡೆ ಮಾಡಿ ಕುಂತಳು. ಉಬ್ಬಿದ್ ಮ್ಯಾಲೆ ಕಣ್ಣು ಮುಚ್ಕೊಂಡ ತಗದು ನನ್ನ ಕೈಯಾಗ ಕೊಟ್ಳು. ನಾ ಒಯ್ದು ಹುಡುಗಿ ಅವ್ವನ ತಾಟಿನ್ಯಾಗ ಹಾಕಿದೆ.

ಆ ಯವ್ವ ರೊಟ್ಟಿ ಹಿಡದು ಮುರಿಯಾಕ ಹೋದಾಕಿ ತಡದಳು. ಕೈಯಾಗ ಹಿಡದು ಒಂದ್ಸಲ ಹಿಂಗ ತಿರಿವಿದ್ಳು, ಒಂದ್ಸಲ ಹಂಗ ತಿರಿವಿದ್ಳು.

"ಇದೇನ್ರಿ ಇದು?" ಅಂದಳು. "ಊರಿದ್ದಂಗ ಕಾಣಾಕತ್ತೈತಲ್ಲ."

ಯಾರೂ ಹೇಳಿಕೊಟ್ಟಿದ್ದಿಲ್ಲ ಅಕಿಗಿ. ತಾನ ಅಂದಳು. ನಾ ಅಡಿಗಿ ಮನಿ ಬಾಗಿಲ ಕಡೆ ನೋಡಿದೆ. ದೊಡ್ಡವ್ವ ಬಂದು ನಿಂತಾಳ. ಕಣ್ಣು ಆ ರೊಟ್ಟಿ ಮ್ಯಾಲೆ ನೆಟ್ಟಾವ. ಅಂಥಾ ನಕಾಶಿ ಅಕಿಗಿ ಎಷ್ಟೋ ದಿನದಿಂದ ಬಂದಿದ್ದಿಲ್ಲ, ನನಗೂ ಗೊತ್ತಾತು. ತುಟಿ ಅಳ್ಳಾಡಿದ್ವು. ಮುಗೀತು ನನ್ನ ಲಗ್ನ ಅಂದ್ಕೊಂಡೆ.

ದೊಡ್ಡವ್ವ ಸೆರಗು ಬಾಯಿಗಿ ಹಚ್ಕೊಂಡಳು.

"ಏನಿಲ್ರಿ ಯವ್ವಾ," ಅಂದಳು. "ಸುಟ್ಟೈತಿ, ಅಷ್ಟ."

ಆ ಮಾತು ನಂದು. ನಾ ಅಕಿಗಿ ದಿನಾ ಅಂತಿದ್ದೆ. ದಿನಾ ಅಕಿ ನನ್ನ ಬಾಯಿ ಮುಚ್ಚಸ್ತಿದ್ಳು. ಅಕಿ ಬಾಯಿಲೆ ಅದು ಬಂದದ್ದು ನಾ ಯಾವತ್ತೂ ಕೇಳಿದ್ದಿಲ್ಲ. ಹ್ಯಾಂಗ ಆತಂದ್ರ, ಒಬ್ಬಾಕಿ ತನ್ನ ಊರಿಗಿ ತಾನ ಬೆಂಕಿ ಹಚ್ಚಿ, ಕೈ ಝಾಡಿಸಿ, ಏನಿಲ್ರಿ ಅಂದಂಗ ಆತು. ಯಾರ ಸಲುವಾಗಿ? ಈ ಟಂಟಂ ಹೊಡಿಯಾವನ ಸಲುವಾಗಿ.

"ಇಲ್ರಿ," ಅಂದೆ ನಾ. "ಸುಟ್ಟಿಲ್ಲ ಅದು. ಊರ ಐತಿ. ಇದು ಕೋಟಿ. ಈ ಉದ್ದಾನ ಗೀಟು ಐತಲ್ರಿ, ಅದು ಹೊಳಿ."

ಅಪ್ಪ ಕೆಮ್ಮಿದ. ಅವ್ವ ನನ್ನ ತೋಳಿಗಿ ಚಿವುಟಿದ್ಳು.

"ಯಾವ ಹೊಳಿ?" ಅಂದ ಸೋದರಮಾವ.

"ಹಂಚಿನ ಸೀಮಿ ಹೊಳಿ. ಪಂಚಮಿಗಿ ತವರಿಗಿ ಹೋಗ್ತೈತಿ. ದಂಡಿ ಮ್ಯಾಲೆ ನಿಂತಾಂವ ಕಳ್ಳರಾಯ. ಅಲ್ಲಿ ರಾಜ ಅಂವ."

"ಕಳ್ಳ ರಾಜ ಆಗ್ಯಾನ?" ಅಂಗೈ ಒರಸ್ಕೋತ ಅಂದ ಅಂವ. "ಅದೇನ್ ಹೊಸಾದಲ್ಲ ಬಿಡ್ರಿ."

ಹುಡುಗಿ ಅವ್ವ ನಕ್ಕಳು. ನನಗ ಧೈರ್ಯ ಬಂತು. ಧೈರ್ಯ ಬಂದ್ರ ಏನ್ ಮಾಡ್ತೀರಿ, ಕತಿ ಬರ್ಬೇಕಲ್ಲ. ನಾ ಎಂದೂ ಪೂರಾ ಕೇಳಿದಾಂವಲ್ಲ. ಬಾಯಿಗಿ ಬಂದದ್ದು ಅಂದೆ, "ಅಂವ ಹೊಳಿ ದಾಟಿ ರಾಕ್ಷಸನ್ನ ಕೊಲ್ಲಾಕ ಹೊಂಟಾನ್ರಿ."

"ಕೊಲ್ಲಾಕಲ್ಲಲೇ," ಅಂತ ಬಾಗಿಲ ಕಡೆಯಿಂದ ಬಂತು.

ತಡಕೊಳ್ಳಾಕ ಆಗಿಲ್ಲ ಅಕಿಗಿ. ಅಕಿ ರಾಜನ್ನ ನಾ ಖೂನಿ ಮಾಡಾವನ್ನ ಮಾಡೇನಿ, ಹ್ಯಾಂಗ ತಡಕೋತಾಳ?

"ಮತ್ತ ಯಾಕ ಹೊಂಟಾನ?" ಅಂದೆ.

"ರೊಟ್ಟಿ ಕೊಡಾಕ. ಗಾಡಿ ಹೊಡಿಯಾವಗ ಜ್ವರಾ ಬಂದಾವ, ಮಲಗ್ಯಾನ. ರಾಕ್ಷಸ ಮುದುಕ, ಹಸದಿರ್ತಾನ. ಅದಕ ರಾಜ ತಾನ ಗಾಡಿ ಹೂಡ್ಯಾನ." ದೊಡ್ಡವ್ವ ಬಂದೇ ಬಿಟ್ಳು. ಹುಡುಗಿ ಅವ್ವನ ಮುಂದ ಕುಕ್ಕರಗಾಲಿಲೆ ಕುಂತು ರೊಟ್ಟಿ ಮ್ಯಾಲೆ ಬೆರಳು ಇಟ್ಳು. "ಇಲ್ಲಿ ನೋಡ್ರಿ ಯವ್ವಾ, ಇದು ಗಾಡಿ. ಹೊಳಿ ತವರಿಗಿ ಹೋಗೈತಿ ಅಂತ ಒಣಾ ಹೊಳ್ಯಾಗ ಇಳದಾನ. ನಡೂಕ ಬಂದಾನ. ಉಸುಕಿನ್ಯಾಗ ಗಾಲಿ ಹುಗದಾವ. ಎತ್ತು ಕಿತ್ತವಲ್ಲವು. ಆಗ ಮ್ಯಾಲಿಂದ ನೀರಿನ ಸಪ್ಪಳ ಬರಾಕತ್ತಿತು. ಹೊಳಿ ತವರಿಂದ ತಿರಿಗೈತಿ..."

ಹುಡುಗಿ ಅವ್ವನ ಕೈ ತಾಟಿನ್ಯಾಗ ಹಂಗೇ ನಿಂತಿತ್ತು. ಸೋದರಮಾವ ಮಸರು ಕಲಸೂದು ಬಿಟ್ಟಿದ್ದ. ಹೊರಗ ಬಸ್ ಹಾರನ್ ಆತು.

"ಏಳವ್ವಾ, ಬಸ್ ಬಂತು. ಇದು ತಪ್ಪಿದ್ರ ಕಲಬುರಗ್ಯಾಗ ಜೇವರ್ಗಿ ಗಾಡಿ ಸಿಗಂಗಿಲ್ಲ," ಅಂತ ಅಂವ ದಡಬಡ ಎದ್ದ. ಕೈ ತೊಳದ್ರು. ಚಪ್ಪಲ ಮೆಟ್ಟಿದ್ರು. ಬಾಗಿಲಾಗ ನಿಂತು ಸೋದರಮಾವ ನಮ್ಮಪ್ಪಗ ಅಂದ, "ಹೇಳಿ ಕಳಸ್ತೇವ್ರಿ."

ಹೇಳಿ ಕಳಸ್ತೇವಿ ಅಂದ್ರ ನಮ್ಮ ಕಡೆ ಏನರ್ಥ ಅಂತ ನಿಮಗ ಗೊತ್ತೈತಿ. ಹೌದೂ ಆಗಬಹುದು. ಹೆಚ್ಚಾಗಿ ಆಗಂಗಿಲ್ಲ.

ಹುಡುಗಿ ಅವ್ವ ಮಾತ್ರ ತಿರಿಗಿ ಒಳಗ ಬಂದಳು. ತಾಟಿನ್ಯಾಗಿಂದ ಆ ರೊಟ್ಟಿ ತೊಗೊಂಡು, ಮುರೀದಂಗ ಕರಚೀಪಿನ್ಯಾಗ ಸುತ್ತಿದ್ಳು. "ಮಗಳಿಗಿ ತೋರಸ್ತೇನ್ರಿ," ಅಂದು ಓಡಿದ್ಳು.

ಬಸ್ ಹೋತು. ಅಪ್ಪ ಹೊಲದ ಕಡೆ ಹೋದ. ಅವ್ವ ತಾಟು ತಿಕ್ಕಾಕತ್ತಿದ್ಳು, ಸಪ್ಪಳ ಜೋರು ಬರಾಕತ್ತಿತ್ತು. ದೊಡ್ಡವ್ವ ಒಲಿ ಮುಂದ ಹೋಗಿ ಕುಂತಿದ್ಳು. ಒಲಿ ಆರಿತ್ತು. ಕಟಗಿ ಮುಂದ ನೂಕಲೂ ಇಲ್ಲ, ಊದಲೂ ಇಲ್ಲ.

ನಾ ಹೋಗಿ ಬಾಜೂಕ ಕುಂತೆ.

"ನನ್ನಿಂದ ಕೆಟ್ಟಿತೇನಲೇ ಮಗಾ?" ಅಂದಳು.

"ಕೆಟ್ರ ಕೆಡ್ಲಿ," ಅಂದೆ. "ನೀರು ಬಂತಲ್ಲ ದೊಡ್ಡವ್ವ. ಕಳ್ಳರಾಯ ಗಾಡಿ ಕಿತ್ಕೊಂಡು ಆ ದಂಡಿಗಿ ಮುಟ್ಟಿದ್ನೋ ಇಲ್ಲೋ, ಅದನ್ನ ಹೇಳು ಮೊದಲ."